ಪಾದ್ರಿಗೆ ನಾನು ಹೇಳಿದ ಬುದ್ಧಿ

ನಾಲ್ಕು ಜನರ ಎದುರು ಸೀನುವುದಕ್ಕೂ ನಾಚುವ ಜೀವ ನನ್ನದು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ನಾನು ಹೇಳುತ್ತಿದ್ದ 'ಹಾಜರ್' ನನಗೇ ಕೇಳಿಸುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದೂ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಅಂಥ ನಿಮ್ಮ ಅಜ್ಜಿ, ಮಕ್ಕಳೇ, ಮೊನ್ನೆ ಸೋಮವಾರಪೇಟೆಯಲ್ಲಿ ಜನ ತುಂಬಿದ ಹಾಲಿನ ನಡುವೆ ಎದ್ದು ನಿಂತು ಕೂಗಿದಳು. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ.

ನನ್ನ ಕೆಮ್ಮು ನಿಮಗೆ ಗೊತ್ತು. ಎದೆಯ ಎಕ್ಸ್‌ರೇ ತೆಗೆಸಿ ಎಂದು ಡಾಕ್ಟರು ಬರೆದುಕೊಟ್ಟು ಎರಡು ತಿಂಗಳಾಗಿತ್ತು. ನಾನು ಹೋಗಿರಲಿಲ್ಲ. ಕೊರಳಿನ ಬೆಳ್ಳಿ ಕರಡಿಗೆ ತೆಗೆದಿಡಬೇಕಂತೆ. ಅದರೊಳಗಿರುವ ಲಿಂಗ ದೀಕ್ಷೆಯಾದಂದಿನಿಂದ ನನ್ನ ಮೈ ಬಿಟ್ಟದ್ದಿಲ್ಲ. ಮೂರು ಹೆರಿಗೆಯಲ್ಲೂ, ನಿಮ್ಮ ತಾತ ಹೋದ ದಿನವೂ.

ಹೀಗಿರುವಾಗ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಹೆಂಡತಿ ರೋಸಮ್ಮ, ಅವರ ಚರ್ಚಿನ ಹಾಲಿನಲ್ಲಿ ಸಿನಿಮಾ ಇದೆಯೆಂದು ನನ್ನನ್ನು ಎಳೆದೊಯ್ದಳು. ಹಳೇ ಕಾಲದ ಕಥೆ. ಸಮುದ್ರ ದಾಟಿ ಬಂದ ಪಾದ್ರಿ, ಅವನನ್ನು ಕಂಡರಾಗದ ರಾಜ. ಓಡಿದ್ದೇನು, ಗುಹೆಯಲ್ಲಿ ಅಡಗಿದ್ದೇನು, ಸೈನಿಕರು ಬೆನ್ನು ಹತ್ತಿದ್ದೇನು! ನಾನು ಕೆಮ್ಮುವುದನ್ನೇ ಮರೆತಿದ್ದೆ. ಕೊನೆಗೆ ಹಿಡಿದರು. ಕೊರಳಿನ ಶಿಲುಬೆ ತೆಗೆದು ನೆಲಕ್ಕಿಡು, ಬಿಟ್ಟುಬಿಡುತ್ತೇವೆ ಎಂದರು. ಪಾದ್ರಿಯ ಕೈ ಕೊರಳಿಗೆ ಹೋಯಿತು. ನನ್ನ ಕೈಯೂ ಹೋಯಿತು.

"ತೆಗೀಬೇಡಿ ಬುದ್ಧೀ, ತೆಗೀಬೇಡಿ!"

ನಮ್ಮ ಮಠದ ಸ್ವಾಮಿಗಳನ್ನು ಕರೆಯುವ ಹಾಗೆ ಪಾದ್ರಿಯನ್ನೂ 'ಬುದ್ಧಿ' ಎಂದಿದ್ದೆ. ಹಾಲಿಗೆ ಹಾಲೇ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ನಿಜವಾದ ಪಾದ್ರಿ ಹಿಂತಿರುಗಿ ಕೈ ಮುಗಿದರು. ಪರದೆಯ ಪಾದ್ರಿ ಮಾತ್ರ ನನ್ನ ಮಾತು ಕೇಳಿದ. ಪ್ರಾಣ ಕೊಟ್ಟ, ಶಿಲುಬೆ ತೆಗೆಯಲಿಲ್ಲ. ನಾನೇ ಗೆದ್ದಷ್ಟು ಖುಷಿಯಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ರೋಸಮ್ಮ ಮೆಲ್ಲಗೆ ಹೇಳಿದಳು: "ಪಾರ್ವತಕ್ಕ, ಅವ್ರನ್ನ ಕೊಲ್ಲೋಕೆ ಹಿಡ್ದಿದ್ರು. ನಿಮ್ಮನ್ನ ಉಳಿಸೋಕೆ ಕರೀತಿದ್ದಾರೆ. ಎರಡೂ ಒಂದೇನಾ?"

ಮರುದಿನ ಅವಳೊಂದಿಗೆ ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ಹುಡುಗಿಯ ಕೈಯಲ್ಲಿ ಕತ್ತಿಯಿರಲಿಲ್ಲ. "ಅಜ್ಜೀ, ಐದೇ ನಿಮಿಷ" ಎಂದಳು, ಅಷ್ಟೇ. ಪಾದ್ರಿಗೆ ಧೈರ್ಯ ಹೇಳಿದವಳು ತೆಪ್ಪಗೆ ಕರಡಿಗೆ ಬಿಚ್ಚಿ, ಮಡಿ ಬಟ್ಟೆಯಲ್ಲಿ ಸುತ್ತಿ ರೋಸಮ್ಮನ ಅಂಗೈಯಲ್ಲಿಟ್ಟೆ.

ಹೊರಗೆ ಬಂದರೆ ಅವಳು ಬೆಂಚಿನ ಮೇಲೆ ಗೊಂಬೆಯ ಹಾಗೆ ಕೂತಿದ್ದಾಳೆ. "ಬೇಗ ತಗೊಳ್ಳಿ ಅಕ್ಕ. ಒಂದು ಕೈಲಿ ನಿಮ್ಮ ಶಿವ, ಇನ್ನೊಂದು ಕೈಲಿ ನನ್ನ ಜಪಸರ. ಆಗ್ಲಿಂದ ಮೂಗು ತುರಿಸ್ತಾ ಇದೆ."

ಎದೆಯಲ್ಲಿ ಕಫ ಬಿಟ್ಟರೆ ಏನೂ ಇಲ್ಲವಂತೆ. ಆದರೆ ಈ ಒಳ್ಳೆಯ ಸುದ್ದಿ ಸಿಗುವುದು ತಡವಾಯಿತು. ರಿಪೋರ್ಟು ಕೊಡುವವರು ನನ್ನ ಹೆಸರನ್ನು ಮೂರು ಸಲ ಕೂಗಿದರು. ಮೂರು ಸಲವೂ ನಾನು 'ಹಾಜರ್' ಎಂದೆ. ಅವರಿಗೆ ಕೇಳಿಸಲಿಲ್ಲ.