ಕುರ್ಚಿಯೂ ಸ್ಟೇಷನರಿಯೇ

ಬೆಳಿಗ್ಗೆ ಹತ್ತೂಕಾಲಿಗೆ ರವಾನೆ ವಿಭಾಗದ ಗುಮಾಸ್ತರ ಕುರ್ಚಿಯ ಕಾಲು ಮುರಿಯಿತು. ಲಕೋಟೆ, ಗೋಂದು ಸಮೇತ ಗುಮಾಸ್ತರು ನೆಲ ಕಂಡರು. ಇಡೀ ಕಚೇರಿ ಎದ್ದು ನಿಂತು ನೋಡಿತು. ಎತ್ತುವುದಕ್ಕೆ ಮಾತ್ರ ಒಬ್ಬ ಮಹಾರಾಯನೂ ಬರಲಿಲ್ಲ. ಸೊಂಟ ಹಿಡಿದುಕೊಂಡು ತಾವೇ ಎದ್ದು ನೆಟ್ಟಗೆ ಉಗ್ರಾಣಕ್ಕೆ ಹೋದರು.

ಉಗ್ರಾಣದ ಮೇಡಂ ಬೆನ್ನ ಹಿಂದೆಯೇ ಒಂದು ಹೊಸ ಕುರ್ಚಿಯಿತ್ತು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

"ಅದನ್ನ ಕೊಡಿ ಮೇಡಂ."

"ಅದು ಫರ್ನಿಚರ್ ಸಾರ್. ಹೆಡ್ ಆಫೀಸಿನಿಂದ ಮಂಜೂರಾಗಬೇಕು, ಎರಡು ವರ್ಷ ಹಿಡಿಯುತ್ತೆ. ನಾನು ಕೊಡೋದು ಸ್ಟೇಷನರಿ ಮಾತ್ರ."

"ನಾನು ರಿಟೈರ್ ಆಗೋಕೆ ಹನ್ನೊಂದೇ ತಿಂಗಳು ಕಣ್ರೀ! ಅಲ್ಲೀವರೆಗೂ ನಿಂತೇ ಇರಲಾ?"

"ಅದೆಲ್ಲ ನಂಗೊತ್ತಿಲ್ಲ ಸಾರ್."

ಮೂವತ್ತು ವರ್ಷ ಎಲ್ಲದಕ್ಕೂ ಹೂಂಗುಟ್ಟಿಕೊಂಡು ಬಂದಿದ್ದ ಮನುಷ್ಯ. ಇವತ್ತು ಪಿತ್ತ ನೆತ್ತಿಗೇರಿತು. "ಹಾಗಾದ್ರೆ ಕುರ್ಚಿಯೂ ಸ್ಟೇಷನರಿನೇ!" ಎಂದು ಮೇಜು ಕುಟ್ಟಿಬಿಟ್ಟರು. ಆಡಿದ್ದಾಯಿತು, ಇನ್ನು ಹಿಂದೆ ತೆಗೆದುಕೊಳ್ಳುವುದುಂಟೇ?

ಗಲಾಟೆ ಕೇಳಿ ಕ್ಯಾಷಿಯರ್ ಬಂದರು. ಬೇರೆಯವರ ಜಗಳವೆಂದರೆ ಅವರಿಗೆ ಮಧ್ಯಾಹ್ನದ ಊಟವೂ ಬೇಡ. "ಇವರು ಹೇಳೋದ್ರಲ್ಲೂ ತಪ್ಪೇನಿಲ್ಲ ಬಿಡಿ. ನಮ್ಮ ಬೀದಿಯ ಸ್ಟೇಷನರಿ ಅಂಗಡೀಲಿ ಬಾಚಣಿಗೆ, ಸೋಪು, ಬಕೆಟ್ ಎಲ್ಲಾ ಸಿಗುತ್ತೆ. ಕುರ್ಚಿ ಏನು ಪಾಪ ಮಾಡಿದೆ?"

"ಅದು ಅಂಗಡಿಯವರು ಮಾಡ್ಕೊಂಡ ಅರ್ಥ," ಎನ್ನುತ್ತ ಟೈಪಿಸ್ಟ್ ನಿಘಂಟು ಹೊತ್ತು ತಂದಳು. "ಕೇಳಿ ಇಲ್ಲಿ. ಬರೆಯೋಕೆ ಬೇಕಾಗುವ ಸಾಮಗ್ರಿ. ಕಾಗದ, ಪೆನ್ನು, ಲಕೋಟೆ. ಅಷ್ಟೇ. ಕುರ್ಚಿ ಇಲ್ಲ ಸಾರ್."

"ಬರೆಯೋಕೆ ಬೇಕಾಗುವ ಅಂತ ಇದೆ ತಾನೇ? ಕೂರದೆ ಬರೆಯೋದು ಹೇಗಮ್ಮಾ, ಫ್ಯಾನಿಗೆ ನೇತಾಡ್ಕೊಂಡಾ?" ಎಂದರು ಗುಮಾಸ್ತರು.

ಟೈಪಿಸ್ಟ್ ನಿಘಂಟಿನ ಪುಟ ತಿರುವಿದಳು. 'ಚೇರ್' ಎಲ್ಲಿದೆ ಎಂದು ಹುಡುಕತೊಡಗಿದಳು.

ಇಷ್ಟಕ್ಕೇ ಬಿಟ್ಟಾರೆಯೇ? ಗುಮಾಸ್ತರು ರಿಜಿಸ್ಟರು, ಲಕೋಟೆಗಳ ರಾಶಿ, ಸೀಲು, ಎಲ್ಲವನ್ನೂ ಬಾಚಿಕೊಂಡು ಮ್ಯಾನೇಜರ ಕೋಣೆಗೆ ನುಗ್ಗಿ, ಎದುರಿನ ಕುರ್ಚಿಯಲ್ಲಿ ಕೂತು, ಅವರ ಮೇಜಿನ ಮೇಲೆಯೇ ಸೀಲು ಹೊಡೆಯತೊಡಗಿದರು. ಧಡ್! ಧಡ್! ಮೇಜಿನ ಮೇಲಿದ್ದ ಕಾಫಿ ಲೋಟ ಒಂದೊಂದು ಪೆಟ್ಟಿಗೂ ಕುಣಿಯಿತು.

"ಏನ್ರೀ ಇದು? ಫೋನಲ್ಲಿ ಹೆಡ್ ಆಫೀಸಿನ ಸಾಹೇಬರಿದ್ದಾರೆ!"

"ಮಾತಾಡಿ ಸಾರ್, ನಂಗೇನೂ ತೊಂದರೆ ಇಲ್ಲ." ಧಡ್! "ನಂಗೆ ಕುರ್ಚಿ ಕೊಡೋವರೆಗೂ ಇದೇ ನನ್ನ ಸೀಟು." ಧಡ್! "ಬೇಕಾದ್ರೆ ಮೆಮೋ ಕೊಡಿ, ಅದನ್ನೂ ನಾನೇ ರವಾನೆ ಮಾಡ್ತೀನಿ."

ಮಧ್ಯಾಹ್ನ ಮೂರರ ಹೊತ್ತಿಗೆ ಮ್ಯಾನೇಜರ ತಲೆ ಸಿಡಿಯುತ್ತಿತ್ತು. ಒಂದು ಚೀಟಿ ಎಳೆದುಕೊಂಡು ಬರೆದರು: 'ಈ ಕಚೇರಿಯ ಮಟ್ಟಿಗೆ ಕುರ್ಚಿಯನ್ನು ಸ್ಟೇಷನರಿ ಎಂದು ಪರಿಗಣಿಸತಕ್ಕದ್ದು.' ಕೆಳಗೆ ರುಜು ಹಾಕಿ ಎಸೆದರು.

ಗುಮಾಸ್ತರು ಎದೆಯುಬ್ಬಿಸಿಕೊಂಡು ಉಗ್ರಾಣಕ್ಕೆ ಬಂದರು. ಹಿಂದೆ ಕಚೇರಿಗೆ ಕಚೇರಿಯೇ ಬಂತು. ಮೇಡಂ ಚೀಟಿಯನ್ನು ಎರಡು ಸಲ ಓದಿದರು.

"ಸರಿ ಸಾರ್. ಈಗ ಇದು ಸ್ಟೇಷನರಿ. ಹಳೇದು ತಂದುಕೊಡಿ."

ಗುಮಾಸ್ತರು ಓಡಿಹೋಗಿ ಮುರುಕು ಕುರ್ಚಿಯನ್ನು ಹೊತ್ತು ತಂದರು. ಮೇಡಂ ಅದನ್ನು ಮಗುಚಿ, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಸ್ಟೇಷನರಿಗೆ ನಮ್ಮದೊಂದು ರೂಲ್ಸು ಸಾರ್. ಹಳೇ ರೀಫಿಲ್ ಪೂರ್ತಿ ಖಾಲಿಯಾದ್ರೇನೇ ಹೊಸದು. ಇದರಲ್ಲಿ ಇನ್ನೂ ಮೂರು ಕಾಲಿದೆ. ಮುಗಿಸ್ಕೊಂಡು ಬನ್ನಿ."

"ಇಲ್ಲೇ ಮುಗಿಸ್ತೀನಿ, ನೋಡ್ತಾ ಇರಿ!" ಎಂದು ಗುಡುಗಿ, ಕುರ್ಚಿಯನ್ನು ನಿಲ್ಲಿಸಿ, ಗುಮಾಸ್ತರು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅದರ ಮೇಲೆ ಕುಕ್ಕರಿಸಿದರು. ಕುರ್ಚಿ ಒಂದು ಕಡೆ, ಅವರು ಇನ್ನೊಂದು ಕಡೆ.

ಮೇಡಂ ಬಗ್ಗಿ, ಕುರ್ಚಿಯ ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದರು.

"ಮೂರೂ ಗಟ್ಟಿಯಾಗಿವೆ ಸಾರ್. ಹನ್ನೊಂದು ತಿಂಗಳಿಗೆ ಧಾರಾಳ ಸಾಕು."