ಟೈಲರ್ ತಾತ ಓದದೆ ಬಿಟ್ಟ ಅಧ್ಯಾಯ

ಇಲ್ಲ ಸ್ವಾಮೀ, ಸುಳ್ಳಲ್ಲ, ತಲೆ ಅಲ್ಲಾಡಿಸಬೇಡಿ. ಟೈಲರ್ ತಾತ ಮಹನೀಯರ ಜೀವನಚರಿತ್ರೆ, ಆತ್ಮಕಥೆ ಅಂತ ಮುನ್ನೂರು ಪುಸ್ತಕ ಓದಿದ್ದು ನಿಜ. ಒಂದರಲ್ಲೂ ಕೊನೆಯ ಅಧ್ಯಾಯ ಮುಟ್ಟದೇ ಇದ್ದದ್ದೂ ಅಷ್ಟೇ ನಿಜ. (ಮುನ್ನೂರು ಜಾಸ್ತಿಯಾಯಿತೇ? ಸರಿ, ಇನ್ನೂರೆಂಬತ್ತು. ಇನ್ನು ಇಳಿಸುವುದಿಲ್ಲ.)

ತಾತನ ಸಿದ್ಧಾಂತ ಸರಳ. ಕೊನೆಯ ಅಧ್ಯಾಯದಲ್ಲಿ ಮಹನೀಯರು ತೀರಿಕೊಳ್ಳುತ್ತಾರೆ, ಓದದಿದ್ದರೆ ತೀರಿಕೊಳ್ಳುವುದಿಲ್ಲ. ಹೀಗಾಗಿ ಅವನ ಪಾಲಿಗೆ ನೂರಮೂವತ್ತರ ಪೈಲ್ವಾನನೊಬ್ಬ ಈಗಲೂ ಬೆಳಗಾಗೆದ್ದು ಬಸ್ಕಿ ಹೊಡೆಯುತ್ತಿದ್ದ. ಹಡಗಿನ ಕಪ್ತಾನನೊಬ್ಬ ಮುಳುಗಲು ಅಪ್ಪಣೆ ಸಿಗದೆ ಎಂಬತ್ತು ವರ್ಷದಿಂದ ಬಿರುಗಾಳಿಯಲ್ಲೇ ತೇಲುತ್ತಿದ್ದ. "ಆತ್ಮಕಥೆ ಬರೆದವರು ಅದರಲ್ಲಿ ಸಾಯಲ್ವಲ್ಲೋ?" ಎಂದು ಯಾರಾದರೂ ಕೆಣಕಿದರೆ, "ಪೆನ್ನು ಕೆಳಗಿಡ್ತಾರಲ್ಲ, ಅದೂ ಒಂಥರಾ ಹಾಗೇ" ಎನ್ನುತ್ತಿದ್ದ.

ಹೀಗೆ ಕೆಣಕುತ್ತಿದ್ದವನು ಪೋಸ್ಟಣ್ಣ, ನಿವೃತ್ತ ಅಂಚೆಯವ, ತಾತನ ಐವತ್ತು ವರ್ಷದ ಗೆಳೆಯ. ಲೈಬ್ರರಿಯ ಪುಸ್ತಕ ಮೊದಲು ತಾತನಿಗೆ. ಅವನು ಓದಿ, ಕೊನೆಯ ಹಾಳೆಗಳನ್ನು ಸೇರಿಸಿ ಕಚ್ಚಾ ಹೊಲಿಗೆ ಹಾಕಿ ದಾಟಿಸುತ್ತಿದ್ದ. ಪೋಸ್ಟಣ್ಣ ಬೈಯುತ್ತಾ ದಾರ ಬಿಚ್ಚಿ, ಪೂರ್ತಿ ಓದಿ ಲೈಬ್ರರಿಗೆ ಮುಟ್ಟಿಸುತ್ತಿದ್ದ.

ಆ ಪೋಸ್ಟಣ್ಣ ಆಸ್ಪತ್ರೆ ಸೇರಿದ. ಎರಡೇ ಬೀದಿ ಆಚೆ. ಅಜ್ಜಿ ದಿನಾ ಹೋಗಿಬಂದಳು. ತಾತನಿಗೆ ಮಾತ್ರ ಒಂದು ದಿನ ಮೊಣಕಾಲು, ಒಂದು ದಿನ ಮೋಡ, ಒಂದು ದಿನ ಚಪ್ಪಲಿ.

"ಏನ್ರೀ ನಿಮ್ಮ ಕಥೆ? ದಾರಿ ನೋಡ್ತಿದಾರೆ ಅವರು."

"ನಾನು ಹೋದ್ರೆ ಅವನಿಗೆ ಕೊನೇ ಅಧ್ಯಾಯ ಬಂತು ಅಂತ ಗೊತ್ತಾಗಿಬಿಡುತ್ತೆ ಕಣೇ. ಹೋಗದಿದ್ರೆ ಹುಷಾರಾಗ್ತಾನೆ ನೋಡು."

ಹುಷಾರಾಗಲಿಲ್ಲ. ಇಪ್ಪತ್ತೆರಡನೆಯ ದಿನ ಪೋಸ್ಟಣ್ಣ ಹೋಗಿಬಿಟ್ಟ.

ತಿಂಗಳು ಕಳೆದ ಮೇಲೆ ಅವನ ಮಗಳು ಒಂದು ನೋಟುಬುಕ್ಕು ತಂದುಕೊಟ್ಟಳು. ಪೋಸ್ಟಣ್ಣ ಹಾಸಿಗೆಯಲ್ಲೇ ಬರೆದ ತನ್ನ ಕಥೆ! ತಾತ ಒಂದೇ ಬೈಠಕ್ಕಿನಲ್ಲಿ ಒಂಬತ್ತು ಅಧ್ಯಾಯ ಮುಗಿಸಿದ. ಅಂಚೆ ಹಂಚುವಾಗ ನಾಯಿಗಳು ಕಚ್ಚಿದ ಅಧ್ಯಾಯಕ್ಕಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹತ್ತನೆಯದು ಕೊನೆಯದು. ತಲೆಬರಹ: 'ಟೈಲರ'. ತಾತ ಪುಸ್ತಕ ಮುಚ್ಚಿ ಸೂಜಿ ದಾರ ತೆಗೆದ.

"ಇಡ್ರೀ ಕೆಳಗೆ ಆ ಸೂಜೀನ!" ಅಜ್ಜಿ ಕೈ ಹಿಡಿದಳು. "ನಾನು ಓದಿಯಾಯ್ತು, ಅವರ ಮಗಳು ಓದಿದ್ಲು, ವಾರ್ಡಿನ ನರ್ಸಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಳಂತೆ. ಓದದೇ ಇರೋರು ನೀವೊಬ್ರೇ."

"ನಕ್ಕಳಾ? ನನ್ನ ಬಗ್ಗೆ ನಗೋ ಅಂಥದ್ದೇನಿದೆ?"

ಇನ್ನೂರೆಂಬತ್ತು ಪುಸ್ತಕದ ವ್ರತ ಅಲ್ಲಿಗೆ ಮುರಿಯಿತು.

'ಈ ಅಧ್ಯಾಯವನ್ನು ಟೈಲರ ಓದುವುದಿಲ್ಲ. ಆದ್ದರಿಂದ ಧೈರ್ಯವಾಗಿ ನಿಜ ಬರೆಯುತ್ತೇನೆ. ಅವನು ಕತ್ತರಿ ತೋರಿಸಿ ಚಿರತೆ ಓಡಿಸಿದ್ದು ಸುಳ್ಳು. ಅದು ಬೆಕ್ಕು, ಓಡಿದ್ದು ಅವನು. ಅವನು ಹೊಲಿದ ನನ್ನ ಮದುವೆಯ ಕೋಟಿನ ಎಡತೋಳು ನಾಲ್ಕು ಬೆರಳು ಉದ್ದ. ಅವನು ನೊಂದುಕೊಂಡಾನೆಂದು ಆವತ್ತಿಡೀ ಎಡಭುಜ ಎತ್ತಿಕೊಂಡೇ ನಿಂತಿದ್ದೆ. ಫೋಟೋದಲ್ಲಿ ಇವತ್ತಿಗೂ ವಾಲಿಕೊಂಡಿದ್ದೇನೆ.'

"ಕಳ್ಳ! ತೋಳು ಸರಿಯಾಗೇ ಇತ್ತು. ಅವನ ಕೈನೇ ಗಿಡ್ಡ!" ತಾತ ಹಾರಾಡಿದ. ಆಮೇಲೆ ಹಾಳೆ ತಿರುಗಿಸಿದ. ಅಲ್ಲಿ ಅಕ್ಷರ ಸ್ವಲ್ಪ ಸೊಟ್ಟಗಿದ್ದವು.

'ದಿನಾ ಸಂಜೆ ನರ್ಸಮ್ಮನಿಗೆ ಹೇಳಿ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸುತ್ತೇನೆ. ಅವನು ಬರುವುದಿಲ್ಲ, ಗೊತ್ತು. ಆದರೂ ಅಕಸ್ಮಾತ್ ಬಂದರೆ ನಿಂತೇ ಇರಬೇಕಾಗುತ್ತದಲ್ಲ.'

ಮುಂದೆ ಬರೀ ಖಾಲಿ ಹಾಳೆ. ತಾತ ಅವನ್ನೂ ಒಂದೊಂದಾಗಿ ತಿರುಗಿಸಿದ.

ಒಳಗೆ ತಟ್ಟೆ ಇಡುವ ಸದ್ದಾಯಿತು.

"ಲೇ, ಕುರ್ಚಿ ಯಾವ ಕಡೆ ಹಾಕಿದ್ರು?"

"ಕಿಟಕಿ ಕಡೆ."

"ನೀನು ಕೂತ್ಕೊಳ್ತಿದ್ಯಾ ಅದರಲ್ಲಿ?"

"ಅವರು ಬಿಡಬೇಕಲ್ಲ! ನಾನು ಮಂಚದ ತುದೀಲಿ ಕೂರ್ತಿದ್ದೆ. ಏಳಿ, ಊಟ ಆರಿಹೋಗುತ್ತೆ."