ಆಗ್ಲಿಬಿಡಿಯವರ ಆಕ್ಷೇಪಣೆ

ಗಡಿಯಾರ ರಿಪೇರಿ ಮಾಡುವ ಆ ಮನುಷ್ಯರಿಗೆ ಊರಿನಲ್ಲಿ ಆಗ್ಲಿಬಿಡಿ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಬಳಸುವವರಿಲ್ಲದೆ ತುಕ್ಕು ಹಿಡಿದಿತ್ತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತುಳಿದವರು ಬಾಯಿ ತೆರೆಯುವ ಮೊದಲೇ ಇವರು "ಆಗ್ಲಿ ಬಿಡಿ" ಅನ್ನುತ್ತಿದ್ದರು.

ಅವತ್ತಿನ ತಾಪತ್ರಯಕ್ಕೆ ಕಾರಣ ಹೆಂಡತಿ ಬೆಳಿಗ್ಗೆ ಆಡಿದ ಒಂದು ಮಾತು.

"ರೀ, ಇವತ್ತಾದ್ರೂ ಒಂದೇ ಒಂದು ಸಲ 'ಒಪ್ಪಲ್ಲ' ಅನ್ರೀ. ನನ್ನ ಆಣೆ."

ಅವಳು ಹೊಲಿಗೆ ಯಂತ್ರದ ಮುಂದೆ ಕೂತು ನೀಲಿ ಬಟ್ಟೆ ಅಳೆಯುತ್ತಿದ್ದಳು. ಹಳೆಯ ಮಾರುಕಟ್ಟೆ ಕೆಡವಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟುತ್ತಿದ್ದರು. ಮಂಜೂರಾದ ನಕ್ಷೆಯಲ್ಲಿ ಗಂಡನ ಅಂಗಡಿಗೆ ಪೂರ್ವಕ್ಕೊಂದು ಕಿಟಕಿ ಇತ್ತು. ಆ ಕಿಟಕಿಗೆ ಈ ಪರದೆ. ಇವರ ಕೆಲಸಕ್ಕೆ ಬೆಳಕೇ ಬಂಡವಾಳ, ಕಣ್ಣು ಬೇರೆ ಮಂಜಾಗುತ್ತಾ ಬಂದಿತ್ತು. ಮಾರುಕಟ್ಟೆ ಹೋದಮೇಲೆ ಅಡುಗೆಮನೆಯ ಕಟ್ಟೆಯೇ ಅಂಗಡಿ, ಯಾಕೆಂದರೆ ಮನೆಯಲ್ಲಿ ಬಿಸಿಲು ಬೀಳುವುದು ಅಲ್ಲೊಂದೇ ಕಡೆ. ಹೋದ ವಾರ ಊಟ ಮಾಡುವಾಗ ಅವಳ ಹಲ್ಲಿಗೆ ಒಂದು ಪುಟ್ಟ ಚಕ್ರ ಸಿಕ್ಕಿತ್ತು. ಉಗುಳಿ, ತೊಳೆದು, ಗಂಡನ ಕೈಗೆ ಕೊಟ್ಟಿದ್ದಳು.

ಈಗ ಕಟ್ಟುವವರು ಮಂಜೂರಾದ ನಕ್ಷೆಯನ್ನೇ ಬದಲಾಯಿಸಲು ಹೊರಟಿದ್ದರು. ಬದಲಾವಣೆಗಳ ಪರಿಶೀಲನೆಗೆ ನಗರಸಭೆಯಲ್ಲಿ ಸಭೆ. ನಿಯಮ ಸರಳವಾಗಿತ್ತು: ಬದಲಾವಣೆಯಿಂದ ತೊಂದರೆಯಾಗುವ ಅಂಗಡಿಯವರು 'ಒಪ್ಪಲ್ಲ' ಅಂದರೆ ಅದು ಅಲ್ಲಿಗೇ ಬಿತ್ತು, ಮತ್ತೆ ಎತ್ತುವಂತಿಲ್ಲ.

"ಅಂತೀನಿ ಕಣೇ," ಎಂದು ಹೇಳಿ ಹೊರಟರು.

ಸಭೆಯ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಬದಲಾಗುವ ಕಡೆಗೆಲ್ಲ ಕೆಂಪು ಗೆರೆ ಸುತ್ತಿದ್ದರು. ಇವರ ಅಂಗಡಿಯ ಸುತ್ತ ಎಷ್ಟು ಕೆಂಪಾಗಿತ್ತೆಂದರೆ, ಅದಕ್ಕೊಂದಕ್ಕೇ ದಡಾರ ಎದ್ದಂತಿತ್ತು.

"ಇಲ್ಲಿ ಲಿಫ್ಟ್ ಬರಬೇಕು," ಅಧ್ಯಕ್ಷರು ಬೆರಳಿಟ್ಟರು. "ನಿಮ್ಮ ಅಂಗಡಿ ಒಂಚೂರು ಒಳಕ್ಕೆ ಹೋಗುತ್ತೆ. ಅಭ್ಯಂತರ ಇದೆಯೇನ್ರೀ?"

ಪಕ್ಕದಲ್ಲಿದ್ದ ಬೇಕರಿಯವನು ಕಿವಿಗೆ ಬಾಯಿಟ್ಟ. "ನಮ್ಮಮ್ಮಂಗೆ ಮಂಡಿನೋವು ಅಣ್ಣಾ. ಮೆಟ್ಟಿಲು ಹತ್ತಕ್ಕಾಗಲ್ಲ."

ಮಂಡಿನೋವಿಗೆ ಎದುರಾಗಿ ಏನು ಹೇಳುವುದು? "ಆಗ್ಲಿ ಬಿಡಿ."

ಆಮೇಲೆ ಕರೆಂಟಿನ ಪೆಟ್ಟಿಗೆ ಬಂತು. ಅದಕ್ಕೂ ಎಲ್ಲೋ ಒಂದು ಗೋಡೆ ಬೇಕಲ್ಲ, ಪಾಪ. ಆಗ್ಲಿ ಬಿಡಿ. ಅದರ ಬೆನ್ನಿಗೇ ಬಟ್ಟೆ ಅಂಗಡಿ ಯಜಮಾನರು ಗಂಟಲು ಸರಿಮಾಡಿಕೊಂಡರು.

"ನನ್ನ ಅಂಗಡಿಯ ಬಟ್ಟೆ ಬದಲಾಯಿಸೋ ಕೋಣೆ ಇವರ ಕಿಟಕಿಗೆ ಸರಿಯಾಗಿ ಎದುರು ಬರುತ್ತೆ. ಇವರು ಮರ್ಯಾದಸ್ಥರು, ಇಲ್ಲ ಅನ್ನಲ್ಲ. ಆದ್ರೆ ಹೆಣ್ಮಕ್ಕಳು ಬರೋ ಜಾಗ. ಇವರು ನೋಡಿದ್ರೆ ಇಡೀ ದಿನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಕೂತಿರ್ತಾರೆ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಗ್ಲಿಬಿಡಿಯವರ ಕಿವಿ ಕೆಂಪಾಯಿತು. "ಅಯ್ಯಯ್ಯೋ! ಮುಚ್ಚಿಬಿಡಿ ಸ್ವಾಮಿ, ಕಿಟಕಿ ಮುಚ್ಚಿಬಿಡಿ!"

ಅಂದ ಮೇಲೆ ನೀಲಿ ಬಟ್ಟೆ ಕಣ್ಣೆದುರು ಬಂತು.

ಚಹಾ ಬಿಡುವಿನಲ್ಲಿ ಜವಾನ ಲೋಟ ಕೊಡುತ್ತಾ, "ಏನ್ ಸ್ವಾಮಿ, ಕೂತಿರೋ ಕುರ್ಚಿನಾದ್ರೂ ಮನೆಗೆ ತಗೊಂಡ್ಹೋಗಿ, ಅದನ್ನೂ ಕೇಳ್ತಾರೆ," ಅಂದ.

ಆಗ್ಲಿಬಿಡಿಯವರು ಕೈತೊಳೆಯುವ ಕಡೆ ಹೋಗಿ ಕನ್ನಡಿಯ ಮುಂದೆ ನಿಂತರು. "ಒಪ್ಪಲ್ಲ" ಅಂದರು. ಸೊಳ್ಳೆ ಗುಂಯ್ಗುಟ್ಟಿದಂತೆ ಕೇಳಿತು. ಮತ್ತೆ ಅಂದರು, ಸ್ವಲ್ಪ ದೊಡ್ಡ ಸೊಳ್ಳೆ. ಮುಖಕ್ಕೆ ನೀರು ಹಾಕಿಕೊಂಡು, ಹೆಂಡತಿಯ ಹಲ್ಲಿಗೆ ಸಿಕ್ಕ ಚಕ್ರವನ್ನು ನೆನೆದು ಮತ್ತೊಮ್ಮೆ ಅಂದರು. ಕನ್ನಡಿಯೊಳಗಿನವರು ಬೆಚ್ಚಿಬಿದ್ದರು.

ಅದೊಂದು ಮಾತನ್ನು ತುಂಬಿದ ಬಿಂದಿಗೆಯಂತೆ ಚೆಲ್ಲದೆ ಹೊತ್ತು ತಂದು ಕುರ್ಚಿಯಲ್ಲಿ ಕೂತರು. ಕಣ್ಣು ಮುಚ್ಚಿದ್ದರು. ತಮ್ಮ ಎದೆಬಡಿತ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ನಕ್ಷೆ ಬರೆದ ಹುಡುಗಿ ಎದ್ದು ನಿಂತಳು. ಬೆಳಿಗ್ಗೆಯಿಂದ ಒಂದೂ ಮಾತಾಡದೆ ಇವರನ್ನೇ ನೋಡುತ್ತಿದ್ದಳು. "ನಂದೊಂದು ಬದಲಾವಣೆ ಇದೆ ಸರ್. ಗಡಿಯಾರದ ಅಂಗಡೀನ ಅಲ್ಲಿಂದ ತೆಗೆದು—"

"ಒಪ್ಪಲ್ಲ!"

ಮೇಜು ಗುದ್ದಿದ ರಭಸಕ್ಕೆ ಲೋಟಗಳು ನೆಗೆದವು.

"ಸರ್, ಪೂರ್ತಿ ಕೇಳಿ, ನಾನು—"

"ಕೇಳೋದೇನಿದೆ? ನೀವೆಲ್ಲ ಸೇರ್ಕೊಂಡು ಹೇಳಿದ್ರೂ ಅಷ್ಟೇ! ಒಂದಿಂಚು ಕದಲಲ್ಲ!"

ಬೇಕರಿಯವನು ಚಪ್ಪಾಳೆ ತಟ್ಟಿದ. ಬಾಗಿಲಲ್ಲಿ ನಿಂತಿದ್ದ ಜವಾನನೂ ತಟ್ಟಿದ. "ಭೇಷ್!" ಎಂದರು ಅಧ್ಯಕ್ಷರು. "ಗಂಡಸಿನ ಮಾತು ಅಂದ್ರೆ ಇದು. ಬರ್ಕೊಳ್ರೀ, ಆಕ್ಷೇಪಣೆ ಇದೆ, ಪ್ರಸ್ತಾಪ ಬಿತ್ತು."

ಆಗ್ಲಿಬಿಡಿಯವರು ನಕ್ಕರು. ಬದುಕಿನಲ್ಲಿ ಮೊದಲ ಸಲ ಬೆನ್ನು ಕುರ್ಚಿಗೆ ಆನಿಸಿ ಕೂತರು.

ಹುಡುಗಿ ನಕ್ಷೆ ಸುತ್ತುತ್ತಾ ಮೆಲ್ಲಗೆ ಅಂದಳು, "ಮುಂಬಾಗಿಲ ಪಕ್ಕದ ಮೂಲೆ ಖಾಲಿ ಇತ್ತು ಸರ್. ಎರಡು ಕಡೆ ಕಿಟಕಿ. ನಿಮಗೆ ಕೊಡಿಸೋಣ ಅಂತಿದ್ದೆ."

ಬಟ್ಟೆ ಅಂಗಡಿ ಯಜಮಾನರು ತಕ್ಷಣ ಮುಂದಕ್ಕೆ ಬಾಗಿದರು. "ಹಾಗಾದ್ರೆ ಆ ಮೂಲೆ ನನ್ನ ಗೊಂಬೆಗಳನ್ನ ನಿಲ್ಲಿಸೋಕಾಗುತ್ತೆ. ಏನಂತೀರಿ ಅಣ್ಣಾ, ನಿಮಗೇನೂ ಬೇಜಾರಿಲ್ವಲ್ಲ?"

ಎಲ್ಲರೂ ಇವರ ಮುಖ ನೋಡಿದರು. ಅವರು ಬಾಯಿ ತೆರೆದರು. ಒಳಗೆ ತಡಕಾಡಿದರು. ಇದ್ದ ಒಂದೇ ಒಂದು 'ಒಪ್ಪಲ್ಲ' ಖರ್ಚಾಗಿ ಹೋಗಿತ್ತು.

"ಆಗ್ಲಿ ಬಿಡಿ," ಅಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅರ್ಧಂಬರ್ಧವಾಗಿ ಅವರಿಗಿಂತ ಮೊದಲೇ ತಲುಪಿತ್ತು. ಬೇಕರಿಯವನ ತಾಯಿ ಮಂಡಿನೋವನ್ನೂ ಮರೆತು ಬಂದು ಹೇಳಿ ಹೋಗಿದ್ದರು.

"ಮೇಜು ಗುದ್ದಿದ್ರಂತೆ!" ಹೆಂಡತಿ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. "ಲೋಟ ಎಲ್ಲ ಹಾರಿದ್ವಂತೆ! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಆ ದನೀನ?"

ಅಡುಗೆಮನೆಯ ಕಟ್ಟೆ ಖಾಲಿಯಾಗಿತ್ತು. ಚಿಮಟ, ಸ್ಕ್ರೂ, ಭೂತಗನ್ನಡಿ ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ, ಹೊಸ ಅಂಗಡಿಗೆಂದು ಬಾಗಿಲ ಬಳಿ ಇಟ್ಟಿದ್ದಳು.

"ಇಲ್ಲಿ ನೋಡ್ರೀ." ಹೊಲಿದು ಮುಗಿಸಿದ ನೀಲಿ ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವಳ ಮುಖ ಅದರ ಹಿಂದೆ ಮರೆಯಾಯಿತು. "ಸ್ವಲ್ಪ ಗಿಡ್ಡ ಆಯ್ತೇನೋ ಅಲ್ವಾ? ಕೆಳಗಡೆಯಿಂದ ಬಿಸಿಲು ಬಂದು ನಿಮ್ಮ ಕಣ್ಣಿಗೆ ಹೊಡೆಯುತ್ತೇನೋ."

ಅವರು ಪರದೆಯ ಅಂಚನ್ನು ಬೆರಳಲ್ಲಿ ಸವರಿದರು. ಹೊಲಿಗೆ ಎಲ್ಲೂ ಡೊಂಕಾಗಿರಲಿಲ್ಲ.

"ಆಗ್ಲಿ ಬಿಡು," ಅಂದರು.